ಬಿಡು ಅಂದ ಮಾತು

ಅಬ್ದುಲಗನಿ ಪೈಲವಾನನಿಗೆ ಬೆನ್ನ ಮೇಲೆ ಮಲಗಲು ಬರುತ್ತಿರಲಿಲ್ಲ. ಕೇಳಿದವರು ನಗುತ್ತಾರೆ, ನಗಲಿ. ಸಿಂದಗಿಯ ಸಾಲೆಯ ಮಾಸ್ತರರೂ ಮೊದಲು ನಕ್ಕವರೇ. ಬಾಗಿಲಲ್ಲಿ ನಿಂತರೆ ಒಳಗಿನವರಿಗೆ ಕತ್ತಲಾಗುವಂಥ ಆಳು. ಒಂದು ಕಾಲಕ್ಕೆ ಇಂಡಿಯಿಂದ ಮುದ್ದೇಬಿಹಾಳದವರೆಗೆ ಅವನ ಹೆಸರು ಹೇಳಿದರೆ ಎದುರು ನಿಲ್ಲುವ ಜೋಡಿ ಸಿಗುತ್ತಿರಲಿಲ್ಲ. ಅಂಥವನು ಈಗ ಹಗಲೆಲ್ಲ ಸಾಲೆಯ ಗಂಟೆ ಬಾರಿಸಿ, ರಾತ್ರಿಯಾದರೆ ಗೋಡೆಗೆ ಭುಜ ಆನಿಸಿ ಕೂತು ತೂಕಡಿಸುತ್ತಿದ್ದ. ತೀರ ಸುಸ್ತಾದರೆ ಹೊಟ್ಟೆಯಡಿಯಾಗಿ ಬೀಳುತ್ತಿದ್ದ. ಅಂಗಾತ ಮಾತ್ರ ಇಲ್ಲ.

ಯಾಕೆಂದು ಕೇಳಿದವರಿಗೆ ಅವನ ಬಳಿ ಉತ್ತರ ತಯಾರಿತ್ತು. ತಾಳಿಕೋಟೆಯ ಗರಡಿಯಲ್ಲಿ ಅವನಿಗೆ ಕುಸ್ತಿ ಕಲಿಸಿದ ವಸ್ತಾದ ಕಾಸಿಂಸಾಬ ಬಹಳ ಕಟ್ಟುನಿಟ್ಟಿನ ಮನುಷ್ಯ. ಮಲಗಿದ ಹುಡುಗರಲ್ಲಿ ಯಾವನಾದರೂ ಅಂಗಾತ ಹೊರಳಿದ್ದು ಕಂಡರೆ ಎದೆಯ ಮೇಲೆ ತಣ್ಣೀರು ಸುರುವುತ್ತಿದ್ದ. "ಬೆನ್ನ ಮಣ್ಣಿಗೆ ಹತ್ತಿತಂದ್ರ ಚಿತ್, ಸೋತಂಗ. ಇಲ್ಲೆ ನಿದ್ದ್ಯಾಗ ಚಿತ್ ಆಗಾಂವ ನಾಳೆ ಕಣದಾಗೂ ಚಿತ್ ಆಗತಾನ," ಎನ್ನುತ್ತಿದ್ದ. "ಸಣ್ಣಂದಿರತ ಹತ್ತಿದ ರೂಢೀರಿ," ಎಂದು ಗನಿ ಈ ಕಥೆ ಹೇಳಿ ಮುಗಿಸುತ್ತಿದ್ದ. ಅದರಲ್ಲಿ ಅರ್ಧ ಮಾತ್ರ ಖರೆ. ಅದೇ ಕಾಸಿಂಸಾಬನ ಕೈಯಲ್ಲಿ ಬೆಳೆದ ಉಳಿದವರೆಲ್ಲ ಕುಸ್ತಿ ಬಿಟ್ಟು, ಹೊಟ್ಟೆ ಬೆಳೆಸಿಕೊಂಡು, ಅಂಗಾತ ಬಿದ್ದು ಊರಿಗೆಲ್ಲ ಕೇಳುವ ಹಾಗೆ ಗೊರಕೆ ಹೊಡೆಯುತ್ತಿದ್ದರು. ಗನಿಗೆ ಮಾತ್ರ ಅಂಗಾತ ಮಲಗಿದರೆ ಎದೆಯ ಮೇಲೆ ಯಾರೋ ಬಂದು ಕೂತ ಹಾಗಾಗುತ್ತಿತ್ತು. ಯಾರೆಂಬುದೂ ಅವನಿಗೆ ಗೊತ್ತಿತ್ತು. ತಂಗಡಗಿಯ ಪರಸಪ್ಪ.

ಪರಸಪ್ಪ ಸತ್ತಿರಲಿಲ್ಲ. ವೈರಿಯೂ ಆಗಿರಲಿಲ್ಲ. ವೈರಿಯಾಗಿದ್ದರೆ ಇಷ್ಟೆಲ್ಲ ತಾಪತ್ರಯವೇ ಇರುತ್ತಿರಲಿಲ್ಲ. ತಾಂಬಾದ ಕಣದಲ್ಲಿ ಇಬ್ಬರೂ ಮೊದಲ ಸಲ ಕೈಗೆ ಕೈ ಹಚ್ಚಿ, ಯಾರೂ ಗೆಲ್ಲದೆ, ಪಂಚರು ಬಿಡಿಸಿ ಕಳಿಸಿದ ಮೇಲೆ ಒಂದೇ ತಟ್ಟೆಯಲ್ಲಿ ರೊಟ್ಟಿ ಮುರಿದು ಉಂಡವರು. ಅಲ್ಲಿಂದ ಮುಂದೆ ಗನಿಯ ಕುಸ್ತಿ ಇದ್ದಲ್ಲಿ ಪರಸಪ್ಪ ಟಾವೆಲ್ಲು ಹಿಡಿದು ನಿಲ್ಲುತ್ತಿದ್ದ, ಪರಸಪ್ಪನ ಕುಸ್ತಿ ಇದ್ದಲ್ಲಿ ಗನಿ. ಪರಸಪ್ಪನ ಅವ್ವ ಗನಿಗೆಂದೇ ಬೇರೆ ಗಂಟಿನಲ್ಲಿ ಶೇಂಗಾ ಹೋಳಿಗೆ ಕಟ್ಟಿ ಕಳಿಸುತ್ತಿದ್ದಳು.

ಆ ವರ್ಷ ಸಂಕ್ರಮಣದ ಮರುದಿನ ತಂಗಡಗಿಯ ಹೊಳೆದಂಡೆಯಲ್ಲಿ ದೊಡ್ಡ ಕುಸ್ತಿ ಇಟ್ಟಿದ್ದರು. ಇನ್ನೂ ಮುಂಬಯಿ ಸರಕಾರದ ಕಾಲ. ಬಸವನ ಬಾಗೇವಾಡಿಯಿಂದಲೂ ಜನ ಚಕ್ಕಡಿ ಕಟ್ಟಿಕೊಂಡು ಬಂದಿದ್ದರು. ಕೊನೆಯ ಜೋಡಿ ಇವರಿಬ್ಬರದು. ಊರವರೆದುರು ಪರಸಪ್ಪನಿಗೆ ಅವತ್ತು ಹುಮ್ಮಸ್ಸು. ಗನಿಯನ್ನು ಮತ್ತೆ ಮತ್ತೆ ಮಂಡಿಗೆ ತಂದ. ಜನ ಸಿಳ್ಳು ಹಾಕಿದರು. ಯಾರೋ ಒಬ್ಬ, "ತಾಳಿಕೋಟಿ ಎಮ್ಮಿ ಹೊಳ್ಯಾಗ ಕುಂತೈತಿ, ಎಬ್ಬಸ್ರ್ಯೋ!" ಎಂದು ಕೂಗಿದ. ಆ ಮಾತು ಗನಿಗೆ ನೆತ್ತಿಗೇರಿತು. ಮುಂದಿನ ಹಿಡಿತದಲ್ಲಿ ಪರಸಪ್ಪನ ಎಡಗೈ ಸಿಕ್ಕಿತು. ಬೆನ್ನ ಹಿಂದೆ ತಿರುವಿ, ಮೇಲೇರಿ, ಅವನ ಮೋರೆಯನ್ನು ಮಣ್ಣಿಗೆ ಒತ್ತಿದ. ಹಲಗೆಯವರು ಕಿವಿ ಹರಿಯುವ ಹಾಗೆ ಬಡಿಯುತ್ತಿದ್ದರು. ಆಗ ಪರಸಪ್ಪನ ಬಲಗೈ, ಬೇರೆ ಎಲ್ಲಿಯೂ ಮುಟ್ಟಲಾಗದೆ, ತನ್ನ ತೊಡೆಯನ್ನೇ ಪಟ್ ಪಟ್ ಎಂದು ಬಡಿಯಿತು. ನೋವಿಗೆ ಬಡಿದದ್ದು. ಆದರೆ ಕುಸ್ತಿಯ ಕಣದಲ್ಲಿ ತೊಡೆ ತಟ್ಟಿದರೆ ಒಂದೇ ಅರ್ಥ: ಬಾ, ನೋಡೇ ಬಿಡೋಣ. ಜನ ಹೋ ಎಂದು ಎದ್ದು ನಿಂತರು. ಕೆಳಗೆ ಬಿದ್ದರೂ ಸವಾಲು ಹಾಕುತ್ತಾನಲ್ಲ, ಎಂಥ ಸೊಕ್ಕು!

ಆ ಸದ್ದಿನಲ್ಲಿ ಪರಸಪ್ಪ ಆಡಿದ ಮಾತು ಒಬ್ಬನಿಗೆ ಮಾತ್ರ ಕೇಳಿಸಿತು. "ಬಿಡೋ ಗನ್ಯಾ. ಬಿಡು."

ಗನಿ ಬಿಡಲಿಲ್ಲ. ಹಸಿ ಕಟ್ಟಿಗೆ ಮುರಿದ ಹಾಗೆ ಭುಜದ ಕೀಲು ಲಟಕ್ಕೆಂದಿತು. ಪರಸಪ್ಪನ ಕಣ್ಣು ಮೇಲಾದವು. ಎಚ್ಚರ ತಪ್ಪಿದವನನ್ನು ಹೊರಳಿಸಿ ಚಿತ್ ಮಾಡಿ ಗೆದ್ದದ್ದಾಯಿತು.

ಪಂಚರಲ್ಲಿ ಒಬ್ಬ ಹಿರಿಯ ಗನಿಯ ಕೈ ಹಿಡಿದು ಕೇಳಿದ. "ಕೈ ಮುರಿಯೂತನಕ ಯಾಕ ಹಿಡದ್ಯೋ? ಬಿಡು ಅಂದನೇನು ಅಂವ?"

"ಇಲ್ರಿ," ಎಂದ ಗನಿ. "ತೊಡಿ ತಟ್ಟಿದನ್ರಿ. ಎಲ್ಲಾರೂ ನೋಡ್ಯಾರ."

ತೊಡೆ ತಟ್ಟಿದ್ದು ಖರೆ, ಎಲ್ಲರೂ ನೋಡಿದ್ದೂ ಖರೆ. ಆ ಮೊದಲಿನ 'ಇಲ್ರಿ' ಒಂದೇ ಸುಳ್ಳು. ಅಷ್ಟು ಸಣ್ಣ ಸುಳ್ಳನ್ನು ಅವನು ಅದಕ್ಕೂ ಮೊದಲು ಹೇಳಿರಲಿಲ್ಲ, ಅಷ್ಟು ದೊಡ್ಡದನ್ನೂ ಹೇಳಿರಲಿಲ್ಲ.

ಎಲುಬು ಕೂಡಿಸುವವರು ಬಂದರು, ಪಟ್ಟಿ ಕಟ್ಟಿದರು; ಪರಸಪ್ಪನ ಎಡಗೈ ಎದೆಯ ಮಟ್ಟಕ್ಕಿಂತ ಮೇಲೆ ಏಳದೆ ಉಳಿಯಿತು. ಎಚ್ಚರಾದ ಮೇಲೆ ಅವನಿಗೆ ಊರೇ ತಿಳಿಸಿ ಹೇಳಿತು: ನೀನೇ ತೊಡೆ ತಟ್ಟಿದಿ, ಗನಿ ಏನು ಮಾಡಬೇಕಿತ್ತು? ಹೇಳಿದ್ದನ್ನೇ ಹೇಳಿದರೆ ಎಂಥವನೂ ನಂಬುತ್ತಾನೆ. ಪರಸಪ್ಪ ನಂಬಿದ. ನೋವಿನಲ್ಲಿ ತಲೆ ಕೆಟ್ಟು ತಾನೇ ಸವಾಲು ಹಾಕಿದೆ, ತನ್ನ ಕೈಯನ್ನು ತಾನೇ ಕಳೆದುಕೊಂಡೆ ಎಂದುಕೊಂಡ. ಗನಿಯನ್ನು ಕಂಡಾಗ ತಾನೇ ತಲೆ ತಗ್ಗಿಸಿದ. ಊರು ಅವನಿಗೆ 'ತೊಡಿ ಪರಸಪ್ಪ' ಎಂದು ಹೆಸರಿಟ್ಟಿತು. ಆ ಹೆಸರು ಹೊಳೆದಂಡೆಗೇ ನಿಲ್ಲದೆ ಮುದ್ದೇಬಿಹಾಳ, ತಾಳಿಕೋಟೆ ಸಂತೆಗಳಿಗೂ ನಡೆದು ಹೋಯಿತು. ಯೋಗ್ಯತೆ ಮೀರಿ ಮಾತಾಡುವವನು ಸಿಕ್ಕರೆ ಜನ, "ಏನಪಾ, ತೊಡಿ ಪರಸಪ್ಪ ಆದಿ?" ಎನ್ನತೊಡಗಿದರು.

ಗನಿ ತಂಗಡಗಿಯ ದಾರಿ ಬಿಟ್ಟ. ಸ್ವಲ್ಪ ದಿನಕ್ಕೆ ಕುಸ್ತಿಯನ್ನೂ ಬಿಟ್ಟ. ತಂಗಡಗಿ ಗೆದ್ದ ಪೈಲವಾನ ಎಂದು ಸಿಂದಗಿಯ ಸಾಲೆಯವರು ಕರೆದು ಗಂಟೆ ಬಾರಿಸುವ ಸಿಪಾಯಿ ಕೆಲಸ ಕೊಟ್ಟರು. ತಂಗಡಗಿ ಗೆದ್ದ ಪೈಲವಾನ ಎಂದೇ ಸಗೀರಾಳ ಅಪ್ಪ ಮಗಳನ್ನು ಕೊಟ್ಟ. ಹೀಗೆ ಉಣ್ಣುವ ರೊಟ್ಟಿಗೂ ಬಡಿಸುವ ಕೈಗೂ ಆ ಸುಳ್ಳೇ ಮೂಲವಾಯಿತು. ಮುಂಬಯಿ ಸರಕಾರ ಹೋಗಿ ಮೈಸೂರು ಸರಕಾರ ಬಂತು, ಆಣೆ ಹೋಗಿ ನಯಾಪೈಸೆ ಬಂತು. ಗನಿಯ ಎದೆಯ ಮೇಲಿನ ಪರಸಪ್ಪ ಮಾತ್ರ ಎದ್ದು ಹೋಗಲಿಲ್ಲ.

ಇಂಥ ಮನುಷ್ಯನ ಕೈಗೆ ಸಿಕ್ಕವರು, ಅಥವಾ ಇಂಥ ಮನುಷ್ಯ ಯಾರ ಕೈಗೆ ಸಿಕ್ಕನೋ ಅವರು, ಪಂಢರಿನಾಥ ಮಾಸ್ತರರು. ಸಾಲೆಯ ಡ್ರಿಲ್ ಮಾಸ್ತರರು. ಕಡ್ಡಿಯಂಥ ಮೈ, ಕರೀ ಟೊಪಿಗೆ, ಮೂಗಿನ ತುದಿಯಲ್ಲಿ ಸಿಟ್ಟು. ಪುಣೆಯ ಕಡೆ ಹೋಗಿ ವ್ಯಾಯಾಮದ ತರಬೇತಿ ಮುಗಿಸಿಕೊಂಡು ಬಂದಾಗಿನಿಂದ ಅವರಿಗೆ ಯೋಗಾಸನದ ಹುಚ್ಚು ಹಿಡಿದಿತ್ತು. ಆದರೆ ಕಲಿಯುವವರು ಬೇಕಲ್ಲ? ಕಬಡ್ಡಿ ಎಂದರೆ ಓಡಿ ಬರುವ ಹುಡುಗರು ಆಸನ ಎಂದೊಡನೆ ಹೊಟ್ಟೆ ಹಿಡಿದುಕೊಂಡು ಮನೆಯ ದಾರಿ ಹಿಡಿಯುತ್ತಿದ್ದರು. ಅಷ್ಟರಲ್ಲಿ ಒಂದು ಮುಂಜಾನೆ ನೀರಿನ ಹಂಡೆ ಎತ್ತಲು ಹೋದ ಗನಿಯ ಸೊಂಟ ಹಿಡಿದುಕೊಂಡು, ಬಗ್ಗಿದವನು ಬಗ್ಗಿದ ಹಾಗೇ ನಿಂತ. ಗಂಟೆ ಬಾರಿಸುವವರಿಲ್ಲದೆ ಸಾಲೆ ಅವತ್ತು ತಡವಾಗಿ ಶುರುವಾಯಿತು.

ಮಾಸ್ತರರು ಅವನ ಸುತ್ತ ಒಂದು ಪ್ರದಕ್ಷಿಣೆ ಹಾಕಿದರು. "ಕೂತ ಕೂತ ನಿದ್ದಿ ಮಾಡಿದರ ಸೊಂಟ ಹಿಡೀದೆ ಮತ್ತೇನ ನಿನಗ ಹಾರ ಹಾಕತದೇನು? ಸಡಿಲಾದ ಮ್ಯಾಲ ದಿನಾ ಮುಂಜಾನೆ ಹೊತ್ತು ಹೊಂಡೂದರಾಗ ಸಾಲಿ ಪಡಸಾಲಿಗೆ ಬಾ. ನಾ ಕಲಸತೇನಿ."

"ನನಗ ಯಾಕ್ರಿ ಮಾಸ್ತರ್ರ? ನಾ ಪೈಲವಾನ."

"ಹೌದಪಾ, ಬಗ್ಗಿ ನಿಂತ ಪೈಲವಾನ," ಎಂದರು ಮಾಸ್ತರರು.

ಗನಿ ಹೋದ. ಸೊಂಟದ ನೋವಿಗಾಗಿ ಹೋದವನು ನೋವು ಹೋದ ಮೇಲೂ ಬಿಡದೆ ಹೋಗತೊಡಗಿದ. ಎಷ್ಟೋ ವರ್ಷ ಮೂಲೆಗೆ ಬಿದ್ದಿದ್ದ ಮೈ ಮತ್ತೆ ಮಾತು ಕೇಳುತ್ತಿತ್ತು. ಹಾವಿನ ಆಸನ, ಬಿಲ್ಲಿನ ಆಸನ, ಕೊನೆಗೆ ಎರಡೂ ಅಂಗೈ ಊರಿ ಇಡೀ ಮೈಯನ್ನು ಗಾಳಿಯಲ್ಲಿ ತೂಗುವ ನವಿಲಿನ ಆಸನವನ್ನೂ ಅವನು ಹಾಕಿದ್ದು ನೋಡಿ ಮಾಸ್ತರರು ಸಿಟ್ಟು ಮಾಡುವುದನ್ನೇ ಮರೆತರು. ಗನಿಗೆ ಬಹಳ ಹಿಡಿಸಿದ್ದು ಇನ್ನೊಂದು. ಇಲ್ಲಿ ಎದುರಿಗೆ ಯಾರೂ ಇಲ್ಲ. ಯಾರನ್ನೂ ಕೆಡವಬೇಕಿಲ್ಲ. ಸಿಳ್ಳು ಹೊಡೆಯುವವರಿಲ್ಲ, ಎಮ್ಮೆ ಎನ್ನುವವರಿಲ್ಲ. ಆದರೆ ಸುಖವಾಯಿತು ಎನ್ನುವಷ್ಟರಲ್ಲಿ ಅದರ ಹಿಂದೆಯೇ ನಾಚಿಕೆ ಬರುತ್ತಿತ್ತು. ಎರಡೂ ಕೈ ನೆತ್ತಿಯ ಮೇಲೆ ಎತ್ತಿ ಜೋಡಿಸಿದಾಗೆಲ್ಲ, ಎದೆಯ ಮಟ್ಟಕ್ಕೇ ನಿಂತ ಇನ್ನೊಬ್ಬನ ಎಡಗೈ ಕಣ್ಣಿಗೆ ಕಟ್ಟುತ್ತಿತ್ತು. ಆಗ ಅವನು ತನ್ನ ಕೈಯನ್ನು ಬೇಗ ಬೇಗ ಕೆಳಗಿಳಿಸುತ್ತಿದ್ದ.

"ಅವಸರ ಯಾಕೋ? ಎಮ್ಮಿ ಕಾಯಾಕ ಹೋಗಬೇಕೇನು?" ಎಂದು ಮಾಸ್ತರರು ಬೈಯುತ್ತಿದ್ದರು.

ತೊಡಕು ಬಂದದ್ದು ಕೊನೆಯ ಆಸನಕ್ಕೆ. ಎಲ್ಲ ಮುಗಿದ ಮೇಲೆ ಅಂಗಾತ ಮಲಗಿ, ಕೈಕಾಲು ಸಡಿಲ ಬಿಟ್ಟು, ಸುಮ್ಮನೆ ಇರುವುದು. ಶವಾಸನ. ಮೈಬಗ್ಗದ ಗುಮಾಸ್ತನಿಗೂ ಬರುವ ಆಸನ ಅದೊಂದೇ. ಗನಿ ಮಲಗುತ್ತಿದ್ದ, ಬೆನ್ನು ಚಾಪೆಗೆ ತಾಗುತ್ತಲೂ ಮೈ ತಾನಾಗಿ ಎಗರಿ ಪಕ್ಕಕ್ಕೆ ಹೊರಳುತ್ತಿತ್ತು.

"ನವಿಲ ಆದಿ, ಹಾವ ಆದಿ. ಹೆಣ ಆಗಾಕ ಬರೂದಿಲ್ಲೇನೋ ನಿನಗ? ಅರೇ, ಏನೂ ಮಾಡದ ಬಿದ್ದಿರೂದ ಅದು!"

ಮನೆಯಲ್ಲಿ ಸಗೀರಾಳದು ಬೇರೆಯೇ ತಕರಾರು. ಆಸನದ ಹೆಸರಿನ ಅರ್ಥ ಗೊತ್ತಾದ ದಿನ ಅವಳು ಲಟ್ಟಣಿಗೆ ಹಿಡಿದೇ ಎದ್ದು ಬಂದಳು. "ಜೀವಂತ ಮನಿಶ್ಯಾ ಮಯ್ಯತ್ ಆಟಾ ಆಡತಾನೇನ್ರಿ? ಆ ಮಾಸ್ತರಗ ಹೇಳ್ರಿ, ಬೇಕಾದರ ಅಂವ ಸಾಯಲಿ. ನನಗ ನನ್ನ ಗಂಡ ಬೇಕು." ಗನಿ ನಕ್ಕ. ಅವಳು ಎಷ್ಟು ಪ್ರೀತಿಯಿಂದ ಜಗಳಾಡುತ್ತಾಳೋ ಅಷ್ಟೂ ಅವನಿಗೆ ಚುಚ್ಚುತ್ತಿತ್ತು. ಅವಳ ಗಂಡ ಯಾರು ಎಂಬುದೇ ಅವಳಿಗೆ ಗೊತ್ತಿರಲಿಲ್ಲ.

ಒಂದು ಮುಂಜಾನೆ ಮಾಸ್ತರರು ಹಟ ಹಿಡಿದರು. ಅವನ ತಲೆಯ ಬಳಿ ಕೂತು, "ಇವತ್ತ ನಾ ಹೇಳತಾ ಹೋಗತೇನಿ, ನೀ ಕೇಳತಾ ಹೋಗು," ಎಂದು ಶುರು ಮಾಡಿದರು. ಬೈಯುವ ದನಿ ಹೋಗಿ ಅವರಿಗೆ ಎಲ್ಲಿಂದಲೋ ಮೆತ್ತನೆ ದನಿ ಬಂದಿತ್ತು. "ಕಾಲ ಬೆರಳು, ಬಿಡು. ಮೊಣಕಾಲು, ಬಿಡು. ಸೊಂಟ, ಬಿಡು." ಗನಿ ಹಲ್ಲು ಕಚ್ಚಿ ಮಲಗಿದ್ದ. ಹೊರಗೆ ಬೇವಿನ ಮರದಲ್ಲಿ ಹಕ್ಕಿಗಳು ಗದ್ದಲ ನಡೆಸಿದ್ದವು. "ಹೊಟ್ಟಿ, ಬಿಡು. ಎಡಗೈ..." ಮಾಸ್ತರರು ಅವನ ಎಡಭುಜವನ್ನು ಎರಡು ಬೆರಳಿನಿಂದ ಮುಟ್ಟಿದರು. "ಬಿಡು."

ಗನಿ ಎದ್ದು ಗೋಡೆಗೆ ಹೋಗಿ ನಿಂತದ್ದು ಅವನಿಗೇ ಗೊತ್ತಾಗಲಿಲ್ಲ. ಮೈಯೆಲ್ಲ ಬೆವೆತಿತ್ತು. ಮಾಸ್ತರರ ಟೊಪಿಗೆ ಉರುಳಿ ಅಷ್ಟು ದೂರ ಬಿದ್ದಿತ್ತು.

"ಆ ಮಾತ ಅನಬ್ಯಾಡ್ರಿ!" ಎಂದು ಕೂಗಿದ. ಆಮೇಲೆ ಕುಸಿದು ಕೂತು, ಹೆಂಗಸರು ಅಳುವ ಹಾಗೆ ದನಿ ತೆಗೆದು ಅತ್ತ. ಅಳುತ್ತಲೇ ಎಲ್ಲ ಹೇಳಿದ. ಹೋಳಿಗೆಯ ಗಂಟಿನಿಂದ ಹಿಡಿದು 'ಇಲ್ರಿ' ಅನ್ನುವವರೆಗೆ ಒಂದನ್ನೂ ಬಿಡಲಿಲ್ಲ.

ಮಾಸ್ತರರು ಟೊಪಿಗೆ ಎತ್ತಿಕೊಂಡು, ಧೂಳು ಝಾಡಿಸಿ, ತಲೆಗಿಟ್ಟುಕೊಂಡು ಹೊರಗೆ ಹೋದರು. ಅವತ್ತಿಡೀ ಗನಿಯ ಮೋರೆ ನೋಡಲಿಲ್ಲ. ಮರುದಿನವೂ ಇಲ್ಲ. ಗನಿಗೆ ಇದು ಸರಿಯೇ ಅನ್ನಿಸಿತು. ತನ್ನ ಮೋರೆ ನೋಡಲಾರದವರ ಸಾಲಿನಲ್ಲಿ ತಾನೇ ಮೊದಲಿಗನಾಗಿದ್ದ; ಕನ್ನಡಿ ಕಂಡರೆ ಅವನಿಗೆ ಆಗುತ್ತಿರಲಿಲ್ಲ.

ಎರಡು ದಿನ ಬಿಟ್ಟು, ಮಧ್ಯಾಹ್ನದ ಗಂಟೆ ಬಾರಿಸಿ ನಿಂತವನ ಬಳಿ ಮಾಸ್ತರರು ತಾವಾಗಿ ಬಂದರು. "ನಾ ಮಠದ ಸ್ವಾಮಿ ಅಲ್ಲ, ಡ್ರಿಲ್ ಮಾಸ್ತರ. ಪಾಪ ಪುಣ್ಯದ ಲೆಕ್ಕ ನನಗ ತಿಳಿಯೂದಿಲ್ಲ. ಆಸನದ ಮಾತಷ್ಟ ಹೇಳತೇನಿ. ನಾ ದಿನಾ ನೂರ ಸಲ ಬಿಡು ಅಂದರೂ ನಿನ್ನ ಮೈ ಕೇಳೂದಿಲ್ಲ. ಅದು ಕೇಳಬೇಕಾದ ಬಾಯಿ ಬ್ಯಾರೆ ಐತಿ, ತಂಗಡಗ್ಯಾಗ."

"ಹ್ಯಾಂಗ ಹೋಗಲಿರಿ? ಯಾವ ಮೋರಿ ಹೊತಕೊಂಡು?"

"ಇದ್ದ ಮೋರಿ ಹೊತಕೊಂಡು ಹೋಗು. ಬ್ಯಾರೆ ಎಲ್ಲಿಂದ ತರತಿ?"

ಹೇಳುವುದು ಸುಲಭ. ಗನಿ ಈ ಐತವಾರ ಎಂದ, ಬರುವ ಐತವಾರ ಎಂದ. ಸಾಲೆ ಬಿಡುವಿದ್ದ ದಿನ ಮಳೆ ಬಂತು, ಮಳೆ ಇಲ್ಲದ ದಿನ ನೆಗಡಿ ಬಂತು. ತಾನು ಸುಳ್ಳ ಅಷ್ಟೇ ಅಲ್ಲ, ಹೇಡಿಯೂ ಹೌದು ಎಂಬುದು ಅವನಿಗೆ ಹೊಸದಾಗಿ ಗೊತ್ತಾಯಿತು. ಕೊನೆಗೆ ಒಂದು ದಿನ ಉಣ್ಣುತ್ತ ಕೂತವನು ರೊಟ್ಟಿ ಮುರಿದು ಬಾಯಿಗಿಡಲಾರದೆ ಸಗೀರಾಳಿಗೆ ಹೇಳಿಬಿಟ್ಟ.

ಸಗೀರಾ ಒಲೆಯ ಕಟ್ಟಿಗೆಯನ್ನು ಹಿಂದಕ್ಕೆಳೆದಳು. "ನಮ್ಮಪ್ಪ ಹತ್ತ ಮಂದಿ ಮುಂದ ಹೇಳತಿದ್ದ, ನನ್ನ ಅಳಿಯಾ ತಂಗಡಗಿ ಗೆದ್ದಾಂವ ಅಂತ," ಎಂದಳು. ಅವಳು ಎದ್ದು ಹಿಟ್ಟಿನ ಡಬ್ಬಿ ತೆಗೆದಳು. "ನಾಡದು ನಾಗರ ಪಂಚಮಿ. ಸಾಲಿ ಸೂಟಿ. ಹೋಗಿ ಬರ್ರಿ, ಬುತ್ತಿ ಕಟ್ಟತೇನಿ. ಅವರ ಅವ್ವ ಕಟ್ಟಿದಂಥ ಹೋಳಿಗಿ ನನಗ ಬರೂದಿಲ್ಲ, ಬಂದದ್ದ ಮಾಡತೇನಿ."

ಸಿಂದಗಿಯಿಂದ ತಾಳಿಕೋಟೆಗೆ ಒಂದು ಬಸ್ಸು, ಅಲ್ಲಿಂದ ಮುದ್ದೇಬಿಹಾಳಕ್ಕೆ ಇನ್ನೊಂದು, ತಂಗಡಗಿಗೆ ಮತ್ತೊಂದು. ಪಂಚಮಿಯ ಗದ್ದಲ, ತವರಿಗೆ ಹೊರಟ ಹೆಣ್ಣುಮಕ್ಕಳು, ಉಂಡಿಯ ಡಬ್ಬಿಗಳು. ಮುದ್ದೇಬಿಹಾಳದ ಸ್ಟ್ಯಾಂಡಿನಲ್ಲಿ ಸೀಟಿಗಾಗಿ ಜಗಳ ತೆಗೆದ ಒಬ್ಬ ಬಡಕಲು ಮುದುಕನಿಗೆ ಕಂಡಕ್ಟರ್, "ಸುಮ್ಮ ಕೂಡ್ರೋ ಯಜಮಾನಾ, ತೊಡಿ ಪರಸಪ್ಪ ಆಗಬ್ಯಾಡ!" ಎಂದ. ಬಸ್ಸಿಗೆ ಬಸ್ಸೇ ನಕ್ಕಿತು. ಆ ಕಂಡಕ್ಟರನಿಗೆ ಪರಸಪ್ಪ ಎಂಬುವನು ಒಬ್ಬ ಇದ್ದಾನೆ ಎಂಬುದೂ ಗೊತ್ತಿರಲಿಕ್ಕಿಲ್ಲ. ಗನಿ ಬುತ್ತಿಯ ಗಂಟನ್ನು ಎದೆಗೆ ಅವಚಿಕೊಂಡು ಕೂತ. ನಕ್ಕವರಲ್ಲಿ ಒಬ್ಬರ ತಪ್ಪೂ ಇಲ್ಲ, ಆ ನಗುವನ್ನು ಬಿತ್ತಿದವನು ತಾನು.

ತಂಗಡಗಿಯ ಗರಡಿಯ ಮುಂದೆ ಹುಡುಗರು ಗುಂಪುಗೂಡಿದ್ದರು. ಪಂಚಮಿಗೆ ಗರಡಿಯ ಮಣ್ಣು ಅಗೆದು, ಎಣ್ಣೆ, ಅರಿಷಿಣ, ಮಜ್ಜಿಗೆ ಹಾಕಿ ಹದ ಮಾಡಿ, ಹಣಮಪ್ಪನ ಪಟಕ್ಕೆ ಕಾಯಿ ಒಡೆಯುವುದು ಅಲ್ಲಿಯ ಪದ್ಧತಿ. ಒಳಗೆ ಒಬ್ಬನು ಬಲಗೈಯಿಂದ ಕೊಡ ಬಗ್ಗಿಸಿ ಮಜ್ಜಿಗೆ ಸುರಿಯುತ್ತ, ಮಡಚಿದ ಎಡಗೈಯನ್ನು ಎದೆಗೆ ಒತ್ತಿಕೊಂಡು ಮಣ್ಣು ತುಳಿಯುತ್ತಿದ್ದ. ಕೂದಲು ಅರ್ಧ ಬೆಳ್ಳಗಾಗಿತ್ತು. ಗರಡಿಯ ಕಸ ಹೊಡೆದು, ಮಣ್ಣು ಹದ ಮಾಡಿ, ಹುಡುಗರ ಲಂಗೋಟಿ ಒಣಗಿಸುವುದು ಈಗ ಪರಸಪ್ಪನ ಬಾಳುವೆ ಎಂದು ಗನಿಗೆ ನೋಡಿದೊಡನೆ ತಿಳಿಯಿತು.

ಯಾರೋ ಗುರುತು ಹಿಡಿದರು. "ತಾಳಿಕೋಟಿ ಗನಿ ಪೈಲವಾನ ಬಂದಾನ್ರ್ಯೋ!" ಹುಡುಗರು ಓಡಿ ಬಂದು ಕಾಲು ಮುಟ್ಟಿದರು. ಒಬ್ಬ ಒಳಗೆ ಕೂಗಿದ, "ಏ ತೊಡಿ ಕಾಕಾ, ನೋಡ ಯಾರ ಬಂದಾರ!"

ಪರಸಪ್ಪ ನೋಡಿದ. ನೋಡಿ, ತಲೆ ತಗ್ಗಿಸಿ ನಕ್ಕ. "ಬಾ ಗನಿ. ಬಾಳ ದಿನಕ್ಕ ಬಂದಿ. ನನ್ನ ಮ್ಯಾಲ ಸಿಟ್ಟ ಐತೇನೋ ಅಂತಿದ್ನಿ. ಅವತ್ತ ನಾ ಹಂಗ ತೊಡಿ ತಟ್ಟಬಾರದಾಗಿತ್ತು."

ಗನಿಗೆ ಬಸ್ಸಿನಲ್ಲಿ ಹೊಂದಿಸಿಟ್ಟುಕೊಂಡ ಮಾತೆಲ್ಲ ಮರೆತು ಹೋಯಿತು. "ಪರಸ್ಯಾ," ಎಂದ, ಎಲ್ಲರಿಗೂ ಕೇಳುವ ಹಾಗೆ. "ನೀ ಸವಾಲ ಹಾಕಲಿಲ್ಲ. ನೀ ಬಿಡು ಅಂದಿ. ನನಗ ಕೇಳಸ್ತು. ನಾ ಬಿಡಲಿಲ್ಲ. ಪಂಚರು ಕೇಳಿದಾಗ ಇಲ್ಲ ಅಂತ ಸುಳ್ಳ ಹೇಳಿದ್ನಿ."

ಪರಸಪ್ಪ ಕೊಡವನ್ನು ಕೆಳಗಿಟ್ಟ. ಇಡುವಾಗ ಅದು ಓರೆಯಾಗಿ ಉಳಿದ ಮಜ್ಜಿಗೆ ಹರಿದು ಹೋದದ್ದನ್ನು ಅವನು ನೋಡಲಿಲ್ಲ.

"ನಾ ಬಿಡು ಅಂದಿದ್ನಾ?"

"ಅಂದಿದ್ದಿ. ಬಿಡೋ ಗನ್ಯಾ, ಬಿಡು, ಅಂದಿ."

"ಬಾಯಿಬಿಟ್ಟ ಅಂದಿದ್ನಾ? ಮನಸಿನ್ಯಾಗ ಅಲ್ಲ?"

"ಬಾಯಿಬಿಟ್ಟ."

ಪರಸಪ್ಪ ಹಣಮಪ್ಪನ ಪಟದ ಕಡೆ ತಿರುಗಿದ. "ನನಗ ನೆನಪಿತ್ತು," ಎಂದ, ಯಾರಿಗೂ ಅಲ್ಲದ ಹಾಗೆ. "ನೆನಪಿತ್ತು. ಎಲ್ಲಾರೂ ಇಲ್ಲ ಅಂದ್ರು. ನಮ್ಮವ್ವ ಸುದ್ದಾ ಅಂದ್ಲು, ನಿನಗ ಭ್ರಮಿ ಹಿಡದೈತಿ ಅಂತ. ಹಂಗ ಅಂತನ ಸತ್ಲು." ಅವ್ವ ಸತ್ತದ್ದು ಗನಿಗೆ ಗೊತ್ತಿರಲಿಲ್ಲ. ಹೋಳಿಗೆಯ ಗಂಟು ಕೈಯಲ್ಲೇ ಇತ್ತು. ಆ ತಾಯಿ ಮಗನನ್ನು ಸೊಕ್ಕಿನವನೆಂದುಕೊಂಡೇ ಹೋದಳು. ಇದನ್ನು ಇನ್ನು ಯಾರು ಹೋಗಿ ಅವಳಿಗೆ ತಿಳಿಸಬೇಕು?

ಪರಸಪ್ಪ ತಿರುಗಿದಾಗ ಅವನ ಕಣ್ಣು ಕೆಂಪಾಗಿದ್ದವು. "ಅಂಗಿ ತಗಿ. ಕಣಕ್ಕ ಇಳಿ."

ಗನಿ ಅಂಗಿ ತೆಗೆದು ಮಣ್ಣಿಗಿಳಿದ. ಹೊಡೆದರೆ ಹೊಡೆಯಲಿ ಎಂದುಕೊಂಡು ಅಂಗಾತ ಬೀಳಲು ಹೋದ. ಪರಸಪ್ಪ ಗದರಿಸಿದ. "ಏಳಲೇ! ಸುಮ್ಮ ಬಿದ್ದರ ಅದು ಭಿಕ್ಷಾ ಆಗತೈತಿ. ನನಗ ಭಿಕ್ಷಾ ಬ್ಯಾಡ. ಎಲ್ಲಿ ನಿಂತಿತ್ತೋ ಅಲ್ಲಿಂದ ಶುರು. ಹಿಡಿ ನನ್ನ ಕೈ."

"ಯಾವ ಕೈಯೋ?"

"ಅದ ಕೈ."

ಪರಸಪ್ಪ ಮಣ್ಣಿನಲ್ಲಿ ಬೋರಲು ಮಲಗಿ ಗಲ್ಲವನ್ನು ಒತ್ತಿಕೊಂಡ. ಗನಿ ಆ ಬತ್ತಿದ ಎಡಗೈಯನ್ನು ಹಿಡಿದು ಮೇಲೇರಿದ. ಹಿಡಿದದ್ದು ಹಿಡಿದ ಹಾಗೂ ಇರಲಿಲ್ಲ, ಕೂಸಿನ ಕೈ ಹಿಡಿದ ಹಾಗಿತ್ತು. ಪರಸಪ್ಪನ ಬಲಗೈ ತನ್ನ ತೊಡೆಯನ್ನು ಪಟ್ ಪಟ್ ಎಂದು ತಟ್ಟಿತು. ಗರಡಿಯ ಗೋಡೆಗಳಿಗೆ ಬಡಿಯುವ ಹಾಗೆ ಅವನು ಕೂಗಿದ: "ಬಿಡು!"

ಗನಿ ಬಿಟ್ಟ.

ಬಿಟ್ಟ ಕೂಡಲೇ ಪರಸಪ್ಪ ಮಿಂಚಿನ ಹಾಗೆ ಹೊರಳಿ, ಬಲಗೈಯಿಂದ ಗನಿಯ ಕುತ್ತಿಗೆಗೆ ಗಂಟು ಹಾಕಿ ಎಳೆದ. ಗನಿ ತಡೆಯಲಿಲ್ಲ ಎಂದರೆ ಸುಳ್ಳಾಗುತ್ತದೆ. ಮೈಯ ಹಳೆಯ ರೂಢಿ ಒಂದು ಸಲ ತಡೆಯಿತು. ಆದರೆ ಪರಸಪ್ಪನ ಡಾವು ಹದವಾಗಿ ಬಿದ್ದಿತ್ತು. ತಾಳಿಕೋಟೆಯ ಪೈಲವಾನನ ಬೆನ್ನು ಹುಡುಗರೆಲ್ಲರೆದುರು ದಬಕ್ಕೆಂದು ತಂಗಡಗಿಯ ಮಣ್ಣಿಗೆ ಬಿತ್ತು. ಅವನ ಎದೆಯ ಮೇಲೆ ಪರಸಪ್ಪ ಕೂತ. ಇಷ್ಟು ವರ್ಷ ಕೂತಿದ್ದವನಲ್ಲ, ಬೆವರು ಸುರಿಯುವ, ಏದುಸಿರು ಬಿಡುವ, ಮಜ್ಜಿಗೆ ನಾರುವ ಪರಸಪ್ಪ.

"ಚಿತ್," ಎಂದ ಪರಸಪ್ಪ. ಹುಡುಗರ ಕಡೆ ತಿರುಗಿ ಇನ್ನೊಮ್ಮೆ ಎಂದ, "ನೋಡಿದ್ರ್ಯೋ? ಚಿತ್!"

"ಮಾಫ್ ಮಾಡೋ ಪರಸ್ಯಾ," ಎಂದ ಗನಿ ಕೆಳಗಿನಿಂದ.

"ಮಾಫ್ ಗೀಫ್ ನನಗ ಬರೂದಿಲ್ಲ. ಕೈ ಹೊಳ್ಳಿ ಬರತೈತೇನು? ಅವ್ವ ಬರತಾಳೇನು?" ಪರಸಪ್ಪ ಎದ್ದ. ಮೈಗೆ ಹತ್ತಿದ ಮಣ್ಣು ಝಾಡಿಸಿಕೊಂಡ. "ಏಳು. ಮಜ್ಜಿಗಿ ಎಲ್ಲಾ ಹರದು ಹೋತು. ಇನ್ನೊಂದ ಕೊಡ ಹೊತಕೊಂಡು ಬಾ."

ಗನಿ ಏಳಲಿಲ್ಲ. ಬೆನ್ನ ಕೆಳಗೆ ಮಣ್ಣು ತಂಪಾಗಿತ್ತು. ಮೇಲೆ ಹೊಗೆ ಹಿಡಿದ ಜಂತಿಗಳು ಕಂಡವು. ಗರಡಿಯ ಮಾಳಿಗೆ ಹೀಗಿರುತ್ತದೆ ಎಂದು ಅವನು ಹುಟ್ಟಿದಾಗಿನಿಂದ ನೋಡಿರಲಿಲ್ಲ. ಮಾಫಿಯೇನೂ ಸಿಕ್ಕಿರಲಿಲ್ಲ. ತಾನು ಎಂಥವನು ಎಂಬುದು ಈಗ ತಂಗಡಗಿಗೆಲ್ಲ ಗೊತ್ತಾಗಿತ್ತು, ಸಂಜೆಯೊಳಗೆ ಮುದ್ದೇಬಿಹಾಳಕ್ಕೂ ಗೊತ್ತಾಗುವುದಿತ್ತು. ಹೆಂಗಸರ ಹಾಗೆ ಅತ್ತವನು, ಗೆಳೆಯನ ಕೈ ಮುರಿದವನು, ಸುಳ್ಳ. ಇವನೇ ನಾನು ಎಂದುಕೊಂಡ. ಇಷ್ಟು ದಿನ ಇವನನ್ನು ಬಚ್ಚಿಟ್ಟುಕೊಂಡು ತಿರುಗಿ ತಿರುಗಿ ಅವನಿಗೆ ಸಾಕಾಗಿ ಹೋಗಿತ್ತು. ಕಾಲ ಬೆರಳು ಸಡಿಲಾದವು. ಆಮೇಲೆ ಏದುಸಿರು ನಿಂತು, ಸಾದಾ ಉಸಿರು ಬಂತು. ಅವನು ಎದ್ದು ಕೊಡ ಹೊತ್ತು ತರುವಷ್ಟರಲ್ಲಿ ಕಾಯಿ ಒಡೆದಾಗಿತ್ತು.

ಆಮೇಲೆ ಐತವಾರ ಬಂದರೆ ಗನಿ ತಂಗಡಗಿಯಲ್ಲಿ ಇರತೊಡಗಿದ. ಪರಸಪ್ಪ ಬಾ ಎನ್ನಲಿಲ್ಲ, ಬರಬೇಡ ಎನ್ನಲೂ ಇಲ್ಲ. ಮೊದಮೊದಲು ಗನಿ ಕಸ ಹೊಡೆದ, ನೀರು ಹೊತ್ತ. ಒಂದು ದಿನ ಆ ಎಡಗೈಯನ್ನು ಕೇಳಿ ಪಡೆದು, ಎಣ್ಣೆ ಹಚ್ಚಿ, ಮಾಸ್ತರರು ತೋರಿಸಿದ ರೀತಿಯಲ್ಲಿ ಉಸಿರಿನ ಸಂಗಡ ಒಂದೊಂದೇ ಬೆರಳಗಲ ಎತ್ತಿಸತೊಡಗಿದ. ಅದು ಎದೆ ದಾಟಿ ಗದ್ದದ ಮಟ್ಟಕ್ಕೆ ಬಂತು. ಅಲ್ಲಿಂದ ಮೇಲೆ ಏರಲಿಲ್ಲ. ಗದ್ದದ ಬಳಿ ಅದು ನಿಂತಾಗೆಲ್ಲ ಗನಿಗೆ ಆ ನಾಚಿಕೆ ಈಗಲೂ ಬರುತ್ತಿತ್ತು. ಆದರೆ ಅವನು ಕಣ್ಣು ತಿರುಗಿಸುತ್ತಿರಲಿಲ್ಲ. ಹುಡುಗರಿಗೆ ಡಾವುಗಳ ಜೊತೆಗೆ ಆಸನವನ್ನೂ ಕಲಿಸಿದ. ಆ ಗರಡಿಯಲ್ಲಿ ಹೊಸದೊಂದು ಕಟ್ಟಳೆಯೂ ಬಂತು: ಕೆಳಗೆ ಬಿದ್ದವನು ತೊಡೆ ತಟ್ಟಿದರೆ ಮೇಲಿದ್ದವನು ಅಲ್ಲೇ ಬಿಡಬೇಕು. ಹೊರಗಿನವರು ಬಂದು ನೋಡಿ, ತೊಡೆ ತಟ್ಟಿದರೆ ಬಿಡುವುದೆಂದರೇನು, ಇದೆಲ್ಲಿಯ ಉಲ್ಟಾ ಪದ್ಧತಿ ಎಂದು ಕೇಳಿದರೆ, "ಇದಕ್ಕ ತೊಡಿ ಪರಸಪ್ಪ ಅಂತಾರ್ರಿ," ಎಂದು ಹುಡುಗರು ಹೆಮ್ಮೆಯಿಂದ ಹೇಳುತ್ತಿದ್ದರು. ಹೆಸರು ಹೋಗಲಿಲ್ಲ, ಅದರ ಅರ್ಥ ಮಾತ್ರ ಬೇರೆಯಾಯಿತು.

ಒಂದು ಐತವಾರ ಪಂಢರಿನಾಥ ಮಾಸ್ತರರು ತಮ್ಮ ಶಿಷ್ಯನ ಗರಡಿ ನೋಡಲೆಂದು ಬಸ್ಸು ಹತ್ತಿ ಬಂದರು. ಸಾಮು ಮುಗಿದು ಹುಡುಗರೆಲ್ಲ ಸಾಲಾಗಿ ಅಂಗಾತ ಮಲಗಿದ್ದರು. ಪರಸಪ್ಪ ಗೋಡೆಗೆ ಆತು ಕೂತು, ಕಾಲ ಬೆರಳು ಬಿಡು, ಮೊಣಕಾಲು ಬಿಡು, ಎಂದು ಒಂದೊಂದಾಗಿ ಹೇಳುತ್ತಿದ್ದ. ಸಾಲಿನ ತುದಿಯಲ್ಲಿ ಮಲಗಿದ್ದ ಗನಿ, ಕೈ ಕಾಲು ನಾಲ್ಕು ದಿಕ್ಕಿಗೆ ಚೆಲ್ಲಿ, ಬಾಯಿ ತೆರೆದು ಗೊರಕೆ ಹೊಡೆಯುತ್ತಿದ್ದ.

ಮಾಸ್ತರರ ಸಿಟ್ಟು ಮೂಗಿನ ತುದಿಗೆ ಬಂತು. "ಅರೇ! ಶವಾಸನದಾಗ ನಿದ್ದಿ ಮಾಡಬಾರದು ಅಂತ ಎಷ್ಟ ಸಲ ಹೇಳೇನಿ ಇವಗ!" ಎಂದು ಎಬ್ಬಿಸಲು ಹೊರಟರು.

ಪರಸಪ್ಪ ಬಲಗೈ ಚಾಚಿ ಅವರ ಧೋತರದ ಚುಂಗು ಹಿಡಿದ.

"ಬಿಡ್ರಿ, ಮಾಸ್ತರ್ರ," ಎಂದ. "ಮಲಗಲಿ ಬಿಡ್ರಿ."